ಆರ್ಡುಯಿನೊ ಜಿಪಿಐಬಿ ಇಂಟರ್‌ಫೇಸಿಗೆ ಬಸ್ ಟ್ರಾನ್ಸೀವರ್ ಚಿಪ್ ಬೇಕೇ?

ಆರ್ಡುಯಿನೊ ಪಿನ್‌ಗಳನ್ನು ನೇರವಾಗಿ ಜಿಪಿಐಬಿ (ಅಳತೆ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಬಸ್, ಅಂದರೆ ಹಂಚಿಕೊಂಡ ತಂತಿಗಳ ಗುಂಪು) ಕೇಬಲ್ಲಿಗೆ ಜೋಡಿಸಿದಾಗ ಒಂದು ಮಲ್ಟಿಮೀಟರ್ ಸರಿಯಾಗಿ ಓದುತ್ತದೆ, ಹೆಚ್ಚು ಉಪಕರಣ ಸೇರಿಸಿದರೆ ತಪ್ಪುತ್ತದೆ ಎಂದು ಕೇಳಿದ್ದೀರಿ. ಆರ್ಡುಯಿನೊಗೂ ಬಸ್ಸಿಗೂ ನಡುವೆ ಎರಡೂ ದಿಕ್ಕಿನಲ್ಲಿ ಸಂಕೇತ ಸಾಗಿಸುವ ಟ್ರಾನ್ಸೀವರ್ ಚಿಪ್ ಹಾಕುವುದೇ ಸರಿಯಾದ ದಾರಿ. ಐಇಇಇ-488 (ಜಿಪಿಐಬಿಯ ಮಾನದಂಡ) ಬಸ್ಸಿನಲ್ಲಿ 15 ಉಪಕರಣಗಳವರೆಗೆ ಇರಬಹುದಾದ್ದರಿಂದ ಪ್ರತಿ ಡ್ರೈವರ್ (ತಂತಿಗೆ ಸಂಕೇತ ಹಾಕುವ ಮಂಡಲ) 48 ಮಿಲಿಆಂಪಿಯರ್ ಎಳೆದುಕೊಳ್ಳಬಲ್ಲದಾಗಿರಬೇಕು. ಆರ್ಡುಯಿನೊದ ಎಟಿಮೆಗಾ328ಪಿ ಚಿಪ್ಪಿನ ಪಿನ್ನಿನ ಪರಮ ಮಿತಿಯೇ 40 ಮಿಲಿಆಂಪಿಯರ್.

ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಯುಎಸ್‌ಬಿ ಕಿತ್ತಿಟ್ಟಿದ್ದ ಬೋರ್ಡಿನ ದೀಪ ಮಂದವಾಗಿ ಉರಿಯುವುದನ್ನು ಕಂಡು ಬೆರಗಾಗಿದ್ದೆ: ಬಸ್ಸಿನ ವಿದ್ಯುತ್ತು ಪಿನ್ನಿನ ರಕ್ಷಣಾ ಡಯೋಡುಗಳ ಮೂಲಕ ಒಳನುಗ್ಗಿ, ಇಡೀ ಬಸ್ಸನ್ನೇ ಕುಗ್ಗಿಸುತ್ತಿತ್ತು. ವಿದ್ಯುತ್ ಇಲ್ಲದಾಗ ಬಸ್ಸಿಗೆ ಹೊರೆಯಾಗದಿರುವುದು ಈ ಚಿಪ್‌ಗಳ ದೊಡ್ಡ ಗುಣ.

ಎಂಟು ದತ್ತಾಂಶ ತಂತಿಗಳಿಗೆ ಎಸ್‌ಎನ್75160, ಉಳಿದ ಎಂಟು ನಿಯಂತ್ರಣ ತಂತಿಗಳಿಗೆ ಎಸ್‌ಎನ್75161 ಬಳಸಿ. ಎರಡರ ಟಿಇ (ದಿಕ್ಕು ನಿರ್ಧರಿಸುವ) ಪಿನ್‌ಗಳನ್ನೂ ಸೇರಿಸಿ ಒಂದೇ ಆರ್ಡುಯಿನೊ ಪಿನ್ನಿಗೆ ಕೊಡಿ. ಅದು ಮೇಲಿದ್ದರೆ (ಹೆಚ್ಚು ವೋಲ್ಟೇಜ್) ಮಾತು, ಅಂದರೆ ಬಸ್ಸಿಗೆ ಕಳುಹಿಸುವುದು; ಕೆಳಗಿದ್ದರೆ (ಕಡಿಮೆ ವೋಲ್ಟೇಜ್) ಆಲಿಸುವಿಕೆ. ನೀವೇ ನಿಯಂತ್ರಕರಾದ್ದರಿಂದ 75161ರ ಡಿಸಿ (ನಿಯಂತ್ರಕ ಹೌದೋ ಅಲ್ಲವೋ ಎಂದು ತಿಳಿಸುವ) ಪಿನ್ ಕೆಳಗಿರಲಿ. 75160ರ ಪಿಇ ಪಿನ್ ಕೆಳಗಿದ್ದರೆ ದತ್ತಾಂಶ ತಂತಿಗಳು ಓಪನ್ ಕಲೆಕ್ಟರ್ (ತಂತಿಯನ್ನು ಕೆಳಕ್ಕೆ ಮಾತ್ರ ಎಳೆಯುವ ವಿಧ) ಆಗಿ ವರ್ತಿಸುತ್ತವೆ. ಸಮಾನಾಂತರ ಪೋಲ್‌ಗೆ (ಹಲವು ಉಪಕರಣಗಳ ಸ್ಥಿತಿಯನ್ನು ಒಮ್ಮೆಗೇ ವಿಚಾರಿಸಲು) ಅದೇ ಅಗತ್ಯ.

ಹೆಚ್ಚಿನವರು ಎಡವುವುದು ದಿಕ್ಕು ಬದಲಿಸುವ ಕ್ರಮದಲ್ಲಿ. ಆಲಿಸಲು ತಿರುಗುವಾಗ ಮೊದಲು ಆರ್ಡುಯಿನೊ ಪಿನ್‌ಗಳನ್ನು ಇನ್‌ಪುಟ್ ಮಾಡಿ, ಅನಂತರವೇ ಟಿಇಯನ್ನು ಕೆಳಗಿಳಿಸಿ. ಮಾತನಾಡಲು ತಿರುಗುವಾಗ ಟಿಇ ಮೊದಲು ಮೇಲೇರಲಿ. ಕ್ರಮ ತಪ್ಪಿದರೆ ಚಿಪ್ಪಿನ ಔಟ್‌ಪುಟ್ಟೂ ಆರ್ಡುಯಿನೊದ ಔಟ್‌ಪುಟ್ಟೂ ಒಂದೇ ತಂತಿಯನ್ನು ಎರಡು ಕಡೆಗೆ ಎಳೆದು ಬಿಸಿಯಾಗುತ್ತವೆ. ಪ್ರತಿ ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ.