ಜುಲೈ ದರಕ್ಕೆ ಬೇರೆ ಟೇಬಲ್ ಮಾಡುವುದು
ಕೋಲಾರ ಮಾರುಕಟ್ಟೆಯ ಟೊಮೆಟೊ ದರದ ಟೇಬಲ್‌ನಿಂದ ಜುಲೈ ತಿಂಗಳ ಸಾಲುಗಳನ್ನು ಮಾತ್ರ ಹೊಸ ಟೇಬಲ್‌ಗೆ ಹಾಕಬೇಕು ಅಂತ ಕೇಳಿದ್ದೀರಿ, ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ತಂತ್ರಾಂಶದಲ್ಲಿ ಅಲ್ವಾ? ಸುಮ್ನೆ ಎಕ್ಸೆಲ್‌ಗೆ ಇಳಿಸಿ ಮತ್ತೆ ಏರಿಸಬೇಡಿ. ‘ಕ್ರಿಯೇಟ್ ಟೇಬಲ್’, ಹೊಸ ಹೆಸರು, ‘ಆಸ್’ ಅಂತ ಬರೆದು ಮುಂದೆ ಜುಲೈ ಸಾಲುಗಳನ್ನು ಆರಿಸುವ ನಿಮ್ಮ ಸೆಲೆಕ್ಟ್ ಕ್ವೆರಿಯನ್ನು ಹಾಗೇ ಸೇರಿಸಿ. ಅಷ್ಟೇ.

ಆದರೆ ಹೀಗೆ ಮಾಡಿದರೆ ಡೇಟಾ ಬರುತ್ತದೆ, ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ), ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಬರುವುದಿಲ್ಲ. ಹೊಸ ಸಾಲಿಗೆ ತಾನಾಗಿ ಮುಂದಿನ ಸಂಖ್ಯೆ ಕೊಡುವ ಆಟೋ ಇನ್‌ಕ್ರಿಮೆಂಟ್ ಕೂಡ ಹೋಗುತ್ತದೆ. ಅವೂ ಬೇಕಿದ್ದರೆ ಮೊದಲು ‘ಕ್ರಿಯೇಟ್ ಟೇಬಲ್ ಲೈಕ್’ ಬಳಸಿ ಖಾಲಿ ಟೇಬಲ್ ಮಾಡಿ, ಆಮೇಲೆ ‘ಇನ್ಸರ್ಟ್ ಇಂಟು’ ಜೊತೆ ಸೆಲೆಕ್ಟ್ ಓಡಿಸಿ. ನನಗೆ ಈ ದಾರಿಯೇ ಜಾಸ್ತಿ ಇಷ್ಟ. ರೈತರ ಲೆಕ್ಕದಲ್ಲಿ ಒಂದೇ ಸಾಲು ಎರಡು ಸಲ ಸೇರಬಾರದು, ಅದನ್ನು ತಡೆಯುವುದು ಕೀ. ಹಳೆ ಟೇಬಲ್ ಬದಲಾದರೆ ಹೊಸದು ತಾನಾಗಿ ಬದಲಾಗುವುದಿಲ್ಲ. ಅದು ಬೇಕಿದ್ದರೆ ವ್ಯೂ ಮಾಡಿ, ಅಂದರೆ ಪ್ರತಿ ಸಲ ಹಳೆ ಟೇಬಲ್‌ನಿಂದಲೇ ಓದುವ, ಹೆಸರಿಟ್ಟು ಉಳಿಸಿದ ಕ್ವೆರಿ.