ಜೇಮ್ಸ್ ವೆಬ್ ಟೆಲಿಸ್ಕೋಪಿನ ಮೊದಲ ಚಿತ್ರಕ್ಕೆ ಅಷ್ಟೊಂದು ಸಂಭ್ರಮ ಯಾಕೆ?

ಒಂದೇ ಚಿತ್ರದಲ್ಲಿ ಸಾವಿರಾರು ಗ್ಯಾಲಕ್ಸಿಗಳು (ನಕ್ಷತ್ರಗಳ ಬೃಹತ್ ಗುಂಪುಗಳು) ಕಂಡವು, ಅವುಗಳಲ್ಲಿ ಎಷ್ಟೋ ಅದುವರೆಗೆ ಯಾರೂ ನೋಡಿರದವು. ಅದಕ್ಕೇ ಆ ಸಂಭ್ರಮ. 2022ರ ಜುಲೈನಲ್ಲಿ ಬಂದ ಆ ಚಿತ್ರದಲ್ಲಿದ್ದದ್ದು ಕೈ ಚಾಚಿ ಹಿಡಿದ ಮರಳಿನ ಕಣದಷ್ಟು ಆಕಾಶ ಮಾತ್ರ! ಕೆಲವು ಗ್ಯಾಲಕ್ಸಿಗಳ ಬೆಳಕು ಹೊರಟು 1300 ಕೋಟಿ ವರ್ಷವಾಗಿತ್ತು.

ಇವು ಮೊದಲು ಯಾಕೆ ಕಂಡಿರಲಿಲ್ಲ? ಬ್ರಹ್ಮಾಂಡ ಹಿಗ್ಗುತ್ತಲೇ ಇದೆ. ಹಾಗಾಗಿ ದೂರದಿಂದ ಬರುವ ಬೆಳಕಿನ ಅಲೆಗಳೂ ದಾರಿಯಲ್ಲಿ ಹಿಗ್ಗಿ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳಾಗುತ್ತವೆ. ಹಳೆಯ ಹಬಲ್ ಟೆಲಿಸ್ಕೋಪ್ ಇವುಗಳಲ್ಲಿ ಸ್ವಲ್ಪವನ್ನಷ್ಟೇ ಹಿಡಿಯಬಲ್ಲದು. ವೆಬ್ ಅನ್ನು ಕಟ್ಟಿದ್ದೇ ಇವನ್ನು ಹಿಡಿಯಲು. ಬಿಸಿ ವಸ್ತುಗಳೂ ಇದೇ ಕಿರಣ ಸೂಸುವುದರಿಂದ ಟೆಲಿಸ್ಕೋಪ್ ತಣ್ಣಗಿರಲೇಬೇಕು. ಅದಕ್ಕೆ ಅದನ್ನು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಐದು ಪದರದ ಬಿಸಿಲುಪರದೆಯ ನೆರಳಲ್ಲಿ ಇಟ್ಟಿದ್ದಾರೆ.

ಹಬಲ್‌ಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದಕ್ಕೆ ಹನ್ನೆರಡೂವರೆ ಗಂಟೆಯಲ್ಲಿ ಮುಗಿಯಿತು. ನನಗಂತೂ ಇನ್ನೊಂದು ಕಾರಣವೇ ದೊಡ್ಡದು. 6.5 ಮೀಟರ್ ಅಗಲದ ಕನ್ನಡಿಯನ್ನು ಮಡಚಿ ಕಳಿಸಿದ್ದರು. ಅದು ಬಾಹ್ಯಾಕಾಶದಲ್ಲೇ ಬಿಚ್ಚಿಕೊಳ್ಳಬೇಕಿತ್ತು. ಕೆಟ್ಟರೆ ಹೋಗಿ ರಿಪೇರಿ ಮಾಡುವ ಹಾಗಿರಲಿಲ್ಲ. ಎಲ್ಲವೂ ಸರಿಯಾಗಿದೆ ಎಂದು ಜಗತ್ತಿಗೆಲ್ಲ ತೋರಿಸಿದ್ದು ಆ ಚಿತ್ರವೇ.