2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡಬೇಕೆಂದು ಮತ ಬಂದಾಗ ಬ್ರಿಟನ್ ಜನ ಹೇಗೆ ಪ್ರತಿಕ್ರಿಯಿಸಿದರು?

ಒಂದೇ ದೇಶ, ಆದರೆ ಒಂದೇ ಪ್ರತಿಕ್ರಿಯೆ ಇರಲಿಲ್ಲ. ಜೂನ್ 23ಕ್ಕೆ ಮತದಾನ ನಡೆಯಿತು. ಬಿಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. ಅಂತರ ಇಷ್ಟು ಕಡಿಮೆ ಇದ್ದರೆ ಸೋತವರಿಗೆ ಸುಮ್ನೆ ಒಪ್ಪಿಕೊಳ್ಳೋದು ಕಷ್ಟ ಅಲ್ವಾ?

ಆ ರಾತ್ರಿ ಇಂಗ್ಲೆಂಡಿನ ಈಶಾನ್ಯದ ಊರಾದ ಸಂಡರ್‌ಲ್ಯಾಂಡ್ ಫಲಿತಾಂಶ ಬಂದಾಗ ಎಣಿಕೆ ಕೇಂದ್ರದಲ್ಲೇ ಜನ ಕೂಗಿ ಕುಣಿದರು. ಅಲ್ಲಿನ ನಿಸ್ಸಾನ್ ಕಾರ್ಖಾನೆಯಲ್ಲಿ ಸಾವಿರಾರು ಜನರಿಗೆ ಕೆಲಸ, ಅದರ ಕಾರುಗಳು ಹೆಚ್ಚಾಗಿ ಹೋಗುತ್ತಿದ್ದದ್ದೂ ಯುರೋಪಿಗೇ, ಆದರೂ ಊರಿನ ಶೇ. 61 ಮತ ಬಿಡೋ ಕಡೆಗೇ ಬಿತ್ತು. ಅವರನ್ನು ದಡ್ಡರು ಅನ್ನೋದು ತಪ್ಪು. ಹಡಗು ಕಟ್ಟೋ ಕೆಲಸ, ಗಣಿ ಕೆಲಸ ಎರಡೂ ಮುಚ್ಚಿದ ಮೇಲೆ ತಮ್ಮ ಮಾತು ಯಾರೂ ಕೇಳಲಿಲ್ಲ ಅನ್ನೋ ಸಿಟ್ಟು ಅಲ್ಲಿ ಬಹಳ ಜನರಿಗಿತ್ತು.

ಲಂಡನ್‌ನಲ್ಲಿ ದುಃಖ. ಬೆಳಗ್ಗೆಯೇ ಪೌಂಡ್ 1985ರ ನಂತರದ ಕನಿಷ್ಠ ಮಟ್ಟಕ್ಕೆ ಕುಸಿಯಿತು, ಪ್ರಧಾನಿ ಕ್ಯಾಮರೂನ್ ಮನೆ ಬಾಗಿಲಲ್ಲೇ ನಿಂತು ರಾಜೀನಾಮೆ ಘೋಷಿಸಿದರು. ಇನ್ನೊಮ್ಮೆ ಮತದಾನ ಬೇಕೆಂಬ ಮನವಿಗೆ 40 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಯುವಕರ ಸಿಟ್ಟು ಹಿರಿಯರ ಮೇಲೆ ತಿರುಗಿತು, ಮನೆಗಳಲ್ಲೇ ಜಗಳಗಳಾದವು.

ಸ್ಕಾಟ್ಲೆಂಡ್‌ನ ಶೇ. 62 ಮತ ಇರೋದಕ್ಕೇ ಬಿದ್ದಿತ್ತು, ಹಾಗಾಗಿ ಬ್ರಿಟನ್ ಬಿಟ್ಟು ಬೇರೆ ದೇಶವಾಗೋ ಸ್ವಾತಂತ್ರ್ಯದ ಮಾತು ಮತ್ತೆ ಎದ್ದಿತು. ನನಗೆ ಮನಸ್ಸಿಗೆ ತಟ್ಟಿದ್ದು ಉತ್ತರ ಐರ್ಲೆಂಡ್ ರಾಜಧಾನಿ ಬೆಲ್ಫಾಸ್ಟ್ ಸಂಗತಿ: ಐರ್ಲೆಂಡ್ ದೇಶ ಒಕ್ಕೂಟದಲ್ಲೇ ಉಳಿಯುತ್ತಿದ್ದರಿಂದ ಐರಿಷ್ ಪಾಸ್‌ಪೋರ್ಟ್‌ಗೆ ಜನ ಮುಗಿಬಿದ್ದು, ಅಂಚೆ ಕಚೇರಿಯಲ್ಲಿ ಅರ್ಜಿ ಫಾರಂಗಳೇ ಖಾಲಿಯಾದವು.